ಬಾಟಲಿಗಿಂತ ಮೊದಲು ಅಳತೆ: ಅಕ್ವೇರಿಯಂ ಪಾಠಕ್ಕೆ ಆರು ವಾರ ಕೊಡೋಣ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕದ ‘ನಮ್ಮ ಪರಿಸರ’ ಪಾಠದಲ್ಲಿ ಅಕ್ವೇರಿಯಂ ರೂಪಿಸುವ ಒಂದು ಚಟುವಟಿಕೆಯಿದೆ. ಮೀನಿಗೆ ಏನೇನು ಬೇಕು ಎಂಬಲ್ಲಿಂದ ಅದು ಆರಂಭವಾಗುತ್ತದೆ. ಸಿದ್ಧವಾದ ತೊಟ್ಟಿಯನ್ನು ಹಾಗೆಯೇ ಬಿಡಬಹುದೇ, ಆಗಾಗ ಸ್ವಚ್ಛ ಮಾಡಬೇಕಾದದ್ದೇಕೆ, ಕೆರೆಗಳಿಗೂ ಹಾಗೆ ಮಾಡುತ್ತೇವೆಯೇ ಎಂಬ ಪ್ರಶ್ನೆಗಳೊಂದಿಗೆ ಮುಗಿಯುತ್ತದೆ. ಪರಿಸರ ವ್ಯವಸ್ಥೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪ್ರವೇಶ ಸಿಗುವುದು ಕಷ್ಟ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಮ್ಮ ವಿಜ್ಞಾನ ಪ್ರಶಿಕ್ಷಣಾರ್ಥಿಗಳಿಗೆ ಈ ಪಾಠ ಇಷ್ಟ. ತೊಟ್ಟಿ ತಂದಿಟ್ಟ ಕೂಡಲೇ ಮಕ್ಕಳು ಸುತ್ತ ಸೇರುತ್ತಾರೆ, ವೀಕ್ಷಕರ ಮುಖವೂ ಅರಳುತ್ತದೆ. ಈಚೆಗೆ ತೊಟ್ಟಿ, ಜಲ್ಲಿ, ಗಾಳಿಯ ಪಂಪುಗಳ ಜೊತೆ ಇನ್ನೊಂದು ಸಾಮಾನು ಸೇರಿಕೊಂಡಿದೆ: ‘ಉಪಕಾರಿ ಬ್ಯಾಕ್ಟೀರಿಯಾ’ ಎಂದು ಮಾರಾಟವಾಗುವ ಚಿಕ್ಕ ಬಾಟಲಿ. ಸುರಿದ ದಿನವೇ ಮೀನು ಬಿಡಬಹುದು ಎಂದು ಅಂಥ ಕೆಲವು ಬಾಟಲಿಗಳ ಲೇಬಲ್ ಭರವಸೆ ಕೊಡುತ್ತದೆ. ಸೋಮವಾರ ಪಾಠ ಇದೆಯೆಂದರೆ ಭಾನುವಾರ ಸಂಜೆ ತೊಟ್ಟಿ ಸಿದ್ಧ. ಪಾಠ ಚೆನ್ನಾಗಿಯೇ ನಡೆಯುತ್ತದೆ. ಮುಂದಿನ ವಾರ ಮೀನುಗಳು ಒಂದೊಂದಾಗಿ ಮೇಲೆ ತೇಲುತ್ತವೆ. ಮಕ್ಕಳು ಕೇಳಿದರೆ ಸಿಗುವ ಉತ್ತರ, “ನೀರು ಆಗಿಬರಲಿಲ್ಲ.”

ಆ ಉತ್ತರ ಸುಳ್ಳಲ್ಲ. ನೀರು ಏಕೆ ಆಗಿಬರಲಿಲ್ಲ ಎಂಬುದೇ ಕಲಿಸಬೇಕಿದ್ದ ಪಾಠ, ಮತ್ತು ಅದನ್ನು ಕಲಿಸುವ ಹೊತ್ತಿಗೆ ನಾವು ಬೇರೆ ಘಟಕಕ್ಕೆ ಹೋಗಿರುತ್ತೇವೆ. ನನ್ನ ಅಭಿಪ್ರಾಯ ಇಷ್ಟು: ಬಾಟಲಿಯನ್ನು ಕಾಯುವ ಕೆಲಸ ತಪ್ಪಿಸುವ ಉಪಾಯವಾಗಿ ತರಗತಿಗೆ ತರಬಾರದು, ಪರೀಕ್ಷಿಸಬೇಕಾದ ಪ್ರಶ್ನೆಯಾಗಿ ತರಬೇಕು. ಅಮೋನಿಯ ಅಳೆಯದೆ ಯಾವ ಶಾಲೆಯ ತೊಟ್ಟಿಗೂ ಮೀನು ಬಿಡಬಾರದು. ಇದಕ್ಕೆ ಪ್ರಶಿಕ್ಷಣಾರ್ಥಿಗಳಷ್ಟೇ ಬದಲಾದರೆ ಸಾಲದು, ಅಂಕ ಕೊಡುವ ನಾವೂ ಬದಲಾಗಬೇಕು.

ತೊಟ್ಟಿಯಲ್ಲಿ ನಡೆಯುವುದೇನು?

ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಮಲ ಇವುಗಳಿಂದಲೂ ಅಮೋನಿಯ ಬರುತ್ತದೆ. ಕೆಲವು ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಇನ್ನು ಕೆಲವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಮೊದಲ ಎರಡೂ ಮೀನಿಗೆ ವಿಷ. ಅಮೋನಿಯ ಕಿವಿರುಗಳನ್ನು ಕೆಡಿಸುತ್ತದೆ. ನೈಟ್ರೈಟ್ ರಕ್ತ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಆದರೆ ಅದು ಸಂಗ್ರಹವಾಗುತ್ತ ಹೋಗುತ್ತದೆ. ಸಸ್ಯಗಳು ಸ್ವಲ್ಪ ಹೀರಿಕೊಳ್ಳುತ್ತವೆ, ಉಳಿದದ್ದನ್ನು ನಾವು ಸ್ವಲ್ಪ ಸ್ವಲ್ಪ ನೀರು ಬದಲಿಸಿ ತೆಗೆಯಬೇಕು. ಪಠ್ಯಪುಸ್ತಕ ಕೇಳುವ ‘ಸ್ವಚ್ಛ ಮಾಡುವುದೇಕೆ’ ಎಂಬ ಪ್ರಶ್ನೆಗೆ ಉತ್ತರದ ಮುಖ್ಯ ಭಾಗ ಇದೇ.

ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಅವು ನಿಧಾನವಾಗಿ ಬೆಳೆಯುವಂಥವು. ಅನುಕೂಲ ಸ್ಥಿತಿಯಲ್ಲಿ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ನೈಟ್ರೀಕರಣದ ಬ್ಯಾಕ್ಟೀರಿಯಾಗಳಿಗೆ ಹಲವು ಗಂಟೆಗಳು, ಎಷ್ಟೋ ಸಲ ಒಂದು ದಿನಕ್ಕಿಂತ ಹೆಚ್ಚು ಬೇಕು. ಆದ್ದರಿಂದಲೇ ಏನನ್ನೂ ಸೇರಿಸದೆ ಬಿಟ್ಟ ತೊಟ್ಟಿ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಇನ್ನೊಂದು ಮಾತು ಪ್ರಶಿಕ್ಷಣಾರ್ಥಿಗಳ ಗಮನಕ್ಕೆ. ಈ ಜೀವಿಗಳು ಹೆಚ್ಚಾಗಿ ನೀರಿನಲ್ಲಿ ತೇಲುವುದಿಲ್ಲ. ಜಲ್ಲಿ, ಗಾಜು, ಫಿಲ್ಟರಿನ ಸ್ಪಂಜು ಇವುಗಳ ಮೇಲೆ ಲೋಳೆಯಂತೆ ಅಂಟಿಕೊಂಡಿರುತ್ತವೆ. ‘ಸ್ವಚ್ಛತಾ ದಿನ’ ಎಂದು ಮಕ್ಕಳ ಕೈಯಲ್ಲಿ ಜಲ್ಲಿಯನ್ನೂ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿಸಿ ತಿಕ್ಕಿಸಿದರೆ ವಾರಗಟ್ಟಲೆ ಬೆಳೆದದ್ದೆಲ್ಲ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕು. ಕಣ್ಣಿಗೆ ಕಾಣುವ ಸ್ವಚ್ಛತೆ ಬೇರೆ, ಮೀನಿಗೆ ಬೇಕಾದ ಸ್ವಚ್ಛತೆ ಬೇರೆ ಎಂಬುದು ಮಗುವಿಗೆ ಹೊಳೆಯುವುದು ಇಲ್ಲಿ.

ಬಾಟಲಿಯೊಳಗೆ ಯಾರಿದ್ದಾರೆ?

ಮಣ್ಣಿನಲ್ಲಿ ನೈಟ್ರೀಕರಣ ಮಾಡುವ ಬ್ಯಾಕ್ಟೀರಿಯಾಗಳನ್ನು ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಅಂದಿನಿಂದ ಪಾಠದ ಟಿಪ್ಪಣಿಗಳಲ್ಲಿ ‘ನೈಟ್ರೊಸೊಮೊನಾಸ್, ಅನಂತರ ನೈಟ್ರೊಬ್ಯಾಕ್ಟರ್’ ಎಂಬ ಜೋಡಿ ಹೆಸರು ನಿಂತುಬಿಟ್ಟಿದೆ. ಅಕ್ವೇರಿಯಂಗಳಲ್ಲಿ ಹುಡುಕಿದಾಗ ಕಂಡದ್ದು ಬೇರೆ. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ಬದಲಾಯಿಸುವ ಮುಖ್ಯ ಜೀವಿ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರ ಎಂದು ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಅಮೋನಿಯದ ಕೆಲಸವನ್ನು ಎಷ್ಟೋ ಸಿಹಿನೀರಿನ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ಆರ್ಕಿಯಾ ಎಂಬ ಬೇರೆಯೇ ಗುಂಪಿನ ಜೀವಿಗಳು ಮಾಡುತ್ತವೆ ಎಂದು 2011ರಲ್ಲಿ ತಿಳಿಯಿತು. ಅಮೋನಿಯದಿಂದ ನೈಟ್ರೇಟಿನವರೆಗೆ ಎರಡೂ ಹೆಜ್ಜೆಗಳನ್ನು ಒಂದೇ ಜೀವಿ ಮುಗಿಸಬಲ್ಲದು ಎಂಬುದು 2015ರಲ್ಲಿ ಪ್ರಕಟವಾಯಿತು; ಆ ಜೀವಿಯೂ ನೈಟ್ರೊಸ್ಪೈರ ಗುಂಪಿನದೇ.

ಇದನ್ನೆಲ್ಲ ಎಂಟನೆಯ, ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಬೇಕೆಂದಲ್ಲ. ನೂರು ವರ್ಷ ಪಾಠ ಹೇಳಿದ ಹೆಸರುಗಳೂ ಅಳತೆಯ ಮುಂದೆ ಬದಲಾದವು ಎಂಬುದನ್ನು ಶಿಕ್ಷಕರಾಗುವವರು ತಿಳಿದಿರಬೇಕು. ಹಾಗಿರುವಾಗ ಒಂದು ಲೇಬಲ್ಲಿನ ಮಾತನ್ನು ಪರೀಕ್ಷಿಸದೆ ನಂಬಬೇಕಾದ ಕಾರಣವಿಲ್ಲ.

ಬಾಟಲಿಗಳೆಲ್ಲ ಒಂದೇ ಅಲ್ಲ. ಕೆಲವದರಲ್ಲಿರುವುದು ಬ್ಯಾಸಿಲಸ್ ಜಾತಿಯವು. ಅವು ಬೀಜಕಗಳನ್ನು ಮಾಡಿಕೊಂಡು ತಿಂಗಳುಗಟ್ಟಲೆ ಬಾಳುತ್ತವೆ, ತಳದ ಕಸವನ್ನು ಕೊಳೆಸಲು ಸಹಾಯ ಮಾಡುತ್ತವೆ. ಅಮೋನಿಯವನ್ನು ನೈಟ್ರೇಟ್ ಮಾಡುವ ಕೆಲಸ ಅವುಗಳದಲ್ಲ. ಇನ್ನು ಕೆಲವದರಲ್ಲಿ ನಿಜವಾಗಿಯೇ ನೈಟ್ರೀಕರಣದ ಜೀವಿಗಳಿರುತ್ತವೆ. ಇವು ಬೀಜಕ ಮಾಡಿಕೊಳ್ಳುವುದಿಲ್ಲ. ಬಿಸಿಲಿನಲ್ಲಿ ಕಾದ ಗೋದಾಮು, ಬಸ್ಸಿನ ಮೇಲಿನ ಪೆಟ್ಟಿಗೆ, ಅಂಗಡಿಯ ಕಿಟಕಿ ಇವನ್ನೆಲ್ಲ ದಾಟಿ ಬರುವಾಗ ಎಷ್ಟು ಬದುಕಿವೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಸರಿಯಾದ ಜೀವಿಗಳು ಜೀವಂತವಾಗಿ ಬಂದರೆ ತೊಟ್ಟಿ ಬೇಗ ಹದಕ್ಕೆ ಬರುತ್ತದೆ ಎಂಬುದಕ್ಕೂ ಪ್ರಯೋಗಗಳ ಆಧಾರವಿದೆ. ಹಾಗಾಗಿ ‘ಬಾಟಲಿ ಎಂದರೆ ಮೋಸ’ ಎಂದು ಕಲಿಸುವುದೂ ತಪ್ಪು. ಬಾಟಲಿ ಕೆಲಸ ಮಾಡಿತೇ ಎಂಬುದಕ್ಕೆ ಸಾಕ್ಷಿ ಲೇಬಲ್ಲಿನಲ್ಲಿ ಇಲ್ಲ, ನೀರಿನಲ್ಲಿದೆ.

ಹೆಪ್ಪು ಮತ್ತು ಬೀಜೋಪಚಾರ

ನಮ್ಮ ಕಡೆಯ ಮಕ್ಕಳಿಗೆ ಈ ವಿಷಯ ಹೊಸದೇನಲ್ಲ ಎಂಬುದನ್ನು ಪಾಠಯೋಜನೆ ಬರೆಯುವಾಗ ಮರೆಯುತ್ತೇವೆ. ಹಳಿಯಾಳ, ಮುಂಡಗೋಡ, ಜೋಯಿಡಾ ಭಾಗದ ಗೌಳಿ ಮನೆಗಳಲ್ಲಿ ಎಮ್ಮೆಯ ಹಾಲು, ಮೊಸರು, ತುಪ್ಪವೇ ಬದುಕು. ನಿನ್ನೆಯ ಒಳ್ಳೆಯ ಮೊಸರಿನ ಒಂದು ಚಮಚ ಇಂದಿನ ಹಾಲನ್ನು ಮೊಸರು ಮಾಡುತ್ತದೆ ಎಂದು ಆ ಮನೆಯ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಮರಾಠಿಯಾಡುವ ಮಗು ಅದನ್ನು ‘ವಿರಜಣ’ ಎನ್ನಬಹುದು. ಆ ಪದವೂ ಕರಿಹಲಗೆಯ ಮೇಲೆ ಬರಲಿ. ಹಳೆಯ ಆರೋಗ್ಯವಂತ ತೊಟ್ಟಿಯ ಒಂದು ಹಿಡಿ ಜಲ್ಲಿ ಅಥವಾ ಹಳೆಯ ಸ್ಪಂಜಿನ ತುಂಡು ಹೊಸ ತೊಟ್ಟಿಗೆ ಹೆಪ್ಪಿನಂತೆ. ಅದಕ್ಕೆ ದುಡ್ಡು ಬೇಡ, ಪಕ್ಕದ ಶಾಲೆಯ ಸ್ನೇಹ ಸಾಕು. ಆದರೆ ಆ ತೊಟ್ಟಿಯಲ್ಲಿ ರೋಗವಿಲ್ಲ ಎಂದು ಖಚಿತ ಮಾಡಿಕೊಂಡಿರಬೇಕು.

ರೈತರ ಮಕ್ಕಳಿಗೆ ಇನ್ನೊಂದು ಪರಿಚಯವೂ ಇರುತ್ತದೆ: ದ್ವಿದಳ ಧಾನ್ಯದ ಬೀಜಕ್ಕೆ ಬೆಲ್ಲದ ಅಂಟಿನಲ್ಲಿ ಸವರುವ ರೈಜೋಬಿಯಂ ಪುಡಿ. ಆ ಪೊಟ್ಟಣದ ಮೇಲೆ ಬಳಸಬೇಕಾದ ಕೊನೆಯ ದಿನಾಂಕ ಇರುತ್ತದೆ. ಅದನ್ನು ನೆರಳಿನಲ್ಲಿಡಬೇಕು, ಸವರಿದ ಬೀಜವನ್ನೂ ನೆರಳಿನಲ್ಲೇ ಒಣಗಿಸಬೇಕು. ಏಕೆಂದರೆ ಒಳಗಿರುವುದು ಜೀವ. ‘ಅಪ್ಪ ಆ ಪೊಟ್ಟಣವನ್ನು ಬಿಸಿಲಿನಲ್ಲಿ ಏಕೆ ಇಡುವುದಿಲ್ಲ?’ ಎಂಬ ಒಂದು ಪ್ರಶ್ನೆಯಿಂದ ಬಾಟಲಿಯ ಕುರಿತ ಅರ್ಧ ಪಾಠ ಮುಗಿಯುತ್ತದೆ. ಎಂಟನೆಯ ತರಗತಿಯ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಪಾಠಕ್ಕೂ ಇದೇ ದಾರಿ.

ಹೋಲಿಕೆ ಕೊಟ್ಟ ಮೇಲೆ ಅದು ಎಲ್ಲಿ ಮುರಿಯುತ್ತದೆ ಎಂಬುದನ್ನೂ ತೋರಿಸಬೇಕು. ಹೆಪ್ಪು ಹಾಕಿದ ಹಾಲು ಬೆಳಗಾಗುವುದರೊಳಗೆ ಮೊಸರಾಗುತ್ತದೆ, ತೊಟ್ಟಿ ಹಾಗಾಗದು. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಬೇಕಾದ ಸಕ್ಕರೆ ಹಾಲಿನಲ್ಲಿ ತುಂಬಾ ಇದೆ. ತೊಟ್ಟಿಯ ಜೀವಿಗಳಿಗೆ ಅಮೋನಿಯ ಮತ್ತು ಆಮ್ಲಜನಕ ಸ್ವಲ್ಪಸ್ವಲ್ಪವಾಗಿ ಸಿಗುತ್ತಲೇ ಇರಬೇಕು. ಹೋಲಿಕೆಯ ಮಿತಿ ಹೇಳದ ಪಾಠ ತಪ್ಪು ಕಲ್ಪನೆಯನ್ನು ಬಿತ್ತುತ್ತದೆ.

ನಾಲ್ಕು ಬಕೆಟ್‌ಗಳ ಪ್ರಯೋಗ

ಹಾಗಾದರೆ ತರಗತಿಯಲ್ಲಿ ಮಾಡುವುದೇನು? ಮೀನಿಲ್ಲದೆ, ನಾಲ್ಕು ಬಕೆಟ್‌ಗಳಿಂದ ಆರಂಭಿಸಬಹುದು. ನಾಲ್ಕರಲ್ಲೂ ಒಂದೇ ಅಳತೆಯ ನೀರು, ಒಂದೇ ಅಳತೆಯ ತೊಳೆದ ಜಲ್ಲಿ. ನಲ್ಲಿಯ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಕ್ಲೋರಿನ್ ಉಳಿದರೆ ಒಳ್ಳೆಯ ಬಾಟಲಿಯೂ ವ್ಯರ್ಥ. ಒಂದನೆಯ ಬಕೆಟ್‌ಗೆ ಏನೂ ಸೇರಿಸಬಾರದು. ಎರಡನೆಯದಕ್ಕೆ ಬಾಟಲಿಯ ದ್ರವವನ್ನು ಲೇಬಲ್ ಹೇಳಿದ ಪ್ರಮಾಣದಲ್ಲಿ ಹಾಕಬೇಕು. ಮೂರನೆಯದಕ್ಕೆ ಅದೇ ದ್ರವವನ್ನು ಕುದಿಸಿ ಆರಿಸಿ, ಅಷ್ಟೇ ಪ್ರಮಾಣದಲ್ಲಿ. ನಾಲ್ಕನೆಯದಕ್ಕೆ ಅಷ್ಟೇ ಜಲ್ಲಿ ಇರಲಿ, ಆದರೆ ಅದರಲ್ಲಿ ಒಂದು ಹಿಡಿ ಹಳೆಯ ತೊಟ್ಟಿಯದಾಗಿರಲಿ. ಪ್ರತಿದಿನ ನಾಲ್ಕಕ್ಕೂ ಸಮನಾಗಿ ಚಿಟಿಕೆ ಮೀನಿನ ಆಹಾರ ಹಾಕಬೇಕು. ಅದು ಕೊಳೆತು ಅಮೋನಿಯ ಕೊಡುತ್ತದೆ. ಗಾಳಿಯ ಪಂಪು ಇದ್ದರೆ ನಾಲ್ಕಕ್ಕೂ ಇರಲಿ, ಇಲ್ಲವಾದರೆ ನಾಲ್ಕಕ್ಕೂ ಬೇಡ.

ಎರಡು ದಿನಕ್ಕೊಮ್ಮೆ ಒಂದೇ ಹೊತ್ತಿಗೆ ಅಮೋನಿಯ, ನೈಟ್ರೈಟ್, ನೈಟ್ರೇಟ್ ಅಳೆದು ಗೋಡೆಯ ಮೇಲಿನ ನಕ್ಷೆಯಲ್ಲಿ ಗುರುತಿಸಬೇಕು. ಹದಕ್ಕೆ ಬರುವ ಬಕೆಟ್‌ನಲ್ಲಿ ಮೊದಲು ಅಮೋನಿಯ ಏರಿ ಇಳಿಯುತ್ತದೆ, ಅದರ ಹಿಂದೆ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಏರುತ್ತ ಹೋಗುತ್ತದೆ. ಆಹಾರ ಹಾಕುತ್ತಿದ್ದರೂ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುತ್ತ ಬಂದರೆ ಆ ನೀರು ಮೀನಿಗೆ ಸಿದ್ಧ. ಆ ಜಲ್ಲಿಯನ್ನು ತೊಟ್ಟಿಗೆ ಹಾಕಿ, ಕೆಲವೇ ಮೀನುಗಳಿಂದ ಆರಂಭಿಸಬಹುದು.

ಕುದಿಸಿದ ದ್ರವದ ಬಕೆಟ್ ಏಕೆ ಎಂದು ಮಕ್ಕಳೇ ಕೇಳುವಂತಾಗಬೇಕು. ಎರಡನೆಯದೂ ಮೂರನೆಯದೂ ಒಂದೇ ರೀತಿ ನಡೆದುಕೊಂಡರೆ, ಬಾಟಲಿಯಲ್ಲಿ ಕೆಲಸಕ್ಕೆ ಬರುವ ಜೀವ ಇತ್ತೇ ಎಂದು ಅನುಮಾನಿಸಬಹುದು. ಎರಡನೆಯದು ಬೇಗ ಹದಕ್ಕೆ ಬಂದರೆ ಬಾಟಲಿಗೆ ಮೆಚ್ಚುಗೆ ಸಲ್ಲಬೇಕು. ಒಂದು ಶಾಲೆಯ ಒಂದು ಬಕೆಟ್‌ನಿಂದ ತೀರ್ಪು ಕೊಡಲಾಗದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಚರ, ನಿಯಂತ್ರಣ, ಪುನರಾವರ್ತನೆ ಇವನ್ನು ವ್ಯಾಖ್ಯೆಯಾಗಿ ಬರೆಯಿಸುವುದಕ್ಕಿಂತ ಹೀಗೆ ಮಾಡಿಸುವುದು ಮೇಲು.

ಒಂದು ಎಚ್ಚರಿಕೆ. ಕಾಲೇಜಿನ ಪ್ರಯೋಗಾಲಯದಲ್ಲಿ ಅಮೋನಿಯ ಪತ್ತೆಗೆ ಇಟ್ಟಿರುವ ನೆಸ್ಲರ್ ದ್ರಾವಣದಲ್ಲಿ ಪಾದರಸವಿದೆ. ಅದು ಮಕ್ಕಳ ಕೈಗೆ ಹೋಗಬಾರದು. ಅಕ್ವೇರಿಯಂಗೆಂದು ಸಿಗುವ ಸ್ಯಾಲಿಸಿಲೇಟ್ ವಿಧಾನದ ಕಿಟ್ ಬಳಸಿ, ಹನಿ ಹಾಕುವ ಕೆಲಸ ಶಿಕ್ಷಕರೇ ಮಾಡಲಿ, ಬಣ್ಣ ಹೋಲಿಸುವ ಕೆಲಸ ಮಕ್ಕಳದಾಗಲಿ.

ಊರಿಗೊಂದು ನೀರು

ನಾಲ್ಕು ತಾಲೂಕುಗಳ ನೀರು ಒಂದೇ ತರಹ ಇರಬೇಕೆಂದಿಲ್ಲ, ಮತ್ತು ನಮ್ಮ ಪ್ರಯೋಗಕ್ಕೆ ಅದೇ ಅನುಕೂಲ. ನೈಟ್ರೀಕರಣ ನಡೆಯುವಾಗ ನೀರಿನ ಕ್ಷಾರೀಯತೆ ಖರ್ಚಾಗುತ್ತದೆ: ಒಂದು ಮಿಲಿಗ್ರಾಂ ಅಮೋನಿಯ-ನೈಟ್ರೋಜನ್‌ಗೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದಷ್ಟು. ಜೋಯಿಡಾದಂಥ ಹೆಚ್ಚು ಮಳೆಯ ಕಾಡುನಾಡಿನಲ್ಲಿ ಝರಿಯ ಅಥವಾ ಮಳೆಯ ನೀರು ಮೆದುವಾಗಿದ್ದರೆ ಪಿಎಚ್ ಇಳಿದು ಕೆಲಸ ನಿಧಾನವಾಗಬಹುದು, ನಿಂತೂ ಹೋಗಬಹುದು. ಕಾರವಾರದ ಕಡೆಯಿಂದ ತಂದ ನಾಲ್ಕಾರು ಚಿಪ್ಪುಗಳನ್ನು ತೊಳೆದು ಹಾಕಿದರೆ ಅವು ಕರಗುತ್ತ ಆ ಕೊರತೆಯನ್ನು ನಿಧಾನವಾಗಿ ತುಂಬುತ್ತವೆ. ಬಯಲು ಕಡೆಯ ಕೊಳವೆ ಬಾವಿಯ ನೀರು ಗಡಸಾಗಿ, ಪಿಎಚ್ ಹೆಚ್ಚಿದ್ದರೆ ತೊಂದರೆ ಬೇರೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ಮಾತ್ರ ಹೆಚ್ಚು ವಿಷವಾದ ರೂಪದಲ್ಲಿರುತ್ತದೆ, ಪಿಎಚ್ 8 ಆದರೆ ಅದು ಶೇಕಡಾ 5ರಷ್ಟಾಗುತ್ತದೆ. ಕಿಟ್ ತೋರಿಸುವ ಬಣ್ಣ ಒಂದೇ, ಮೀನಿನ ಪಾಡು ಬೇರೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಈ ಜೀವಿಗಳ ಕೆಲಸವೂ ನಿಧಾನವಾಗುತ್ತದೆ.

ಜಲಜೀವನ ಮಿಷನ್ ಅಡಿ ಗ್ರಾಮಗಳಿಗೆ ನೀರಿನ ಪರೀಕ್ಷಾ ಕಿಟ್‌ಗಳು ಬಂದಿವೆ. ಪಿಎಚ್, ಗಡಸುತನ, ಕ್ಷಾರೀಯತೆ, ನೈಟ್ರೇಟ್, ಉಳಿಕೆ ಕ್ಲೋರಿನ್ ನೋಡಲು ಅವು ಉಪಯುಕ್ತ. ಕಿಟ್ ಬಳಸಲು ತರಬೇತಿ ಪಡೆದ ಮಹಿಳೆಯರನ್ನು ಒಂದು ಅವಧಿಗೆ ತರಗತಿಗೆ ಕರೆಸಿದರೆ ಊರಿನ ಜ್ಞಾನ ಶಾಲೆಯೊಳಗೆ ಬಂದಂತಾಗುತ್ತದೆ.

ಪಠ್ಯಪುಸ್ತಕದ ಕೊನೆಯ ಪ್ರಶ್ನೆಗೆ ಮುಂಡಗೋಡ ತಾಲೂಕಿನವರು ಅತ್ತಿವೇರಿಗೆ ಹೋಗಬಹುದು. ಅಲ್ಲಿ ನೂರಾರು ಹಕ್ಕಿಗಳ ಹಿಕ್ಕೆ ಜಲಾಶಯಕ್ಕೆ ಬೀಳುತ್ತದೆ, ಯಾರೂ ಸ್ಪಂಜು ಹಿಂಡುವುದಿಲ್ಲ. ವಿಸ್ತಾರವಾದ ನೀರು, ದಡದ ಸಸ್ಯಗಳು, ನೈಟ್ರೇಟನ್ನು ಅನಿಲವಾಗಿ ಹಿಂದಿರುಗಿಸುವ ತಳದ ಕೆಸರಿನ ಬ್ಯಾಕ್ಟೀರಿಯಾಗಳು ಆ ಕೆಲಸ ಮಾಡುತ್ತವೆ. ತೊಟ್ಟಿಯಲ್ಲಿ ಇಲ್ಲದ್ದು ಏನೆಂದು ಮಕ್ಕಳು ಅಲ್ಲಿ ಪಟ್ಟಿ ಮಾಡಲಿ.

ಆಕ್ಷೇಪಗಳಿಗೆ ಉತ್ತರ

ಸಮಯ ಎಲ್ಲಿದೆ ಎಂಬುದು ಮೊದಲ ಆಕ್ಷೇಪ. ಬಿಡಿ ಪಾಠಗಳ ಕಾಲದಲ್ಲಿ ಈ ಮಾತಿಗೆ ಬೆಲೆಯಿತ್ತು. 2014ರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ನಿಯಮಗಳ ನಂತರ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್‌ಗೆ ಕನಿಷ್ಠ 20 ವಾರಗಳಿವೆ. ಅದರಲ್ಲಿ ಆರು ವಾರ, ಎರಡು ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಕೊಡಲಾಗದೇ? ಶಾಲೆ ಸೇರಿದ ಮೊದಲ ವಾರವೇ ಬಕೆಟ್ ಇಟ್ಟರೆ ಪಾಠದ ಸರದಿ ಬರುವ ಹೊತ್ತಿಗೆ ಮಕ್ಕಳದೇ ಅಂಕಿಗಳು ಸಿದ್ಧವಿರುತ್ತವೆ.

ಎರಡನೆಯದು ಖರ್ಚು. ಕಿಟ್‌ಗಳನ್ನು ಪ್ರಶಿಕ್ಷಣಾರ್ಥಿಗಳು ಒಬ್ಬೊಬ್ಬರೇ ಕೊಳ್ಳಬೇಕಿಲ್ಲ. ಕಾಲೇಜು ಕೊಂಡು ಅಭ್ಯಾಸ ಶಾಲೆಗಳಿಗೆ ಹಂಚಲಿ. ಬಾಟಲಿಗೆ ಹಾಕುವ ದುಡ್ಡಿಗಿಂತ ಕಿಟ್‌ಗೆ ಹಾಕುವ ದುಡ್ಡು ಹೆಚ್ಚು ಕಲಿಸುತ್ತದೆ.

ಮೂರನೆಯದು, ‘ಎರಡು ಮೀನು ಸತ್ತರೆ ಏನಾಯಿತು, ಮಕ್ಕಳು ಅದರಿಂದಲೂ ಕಲಿಯುತ್ತಾರೆ’ ಎಂಬ ಮಾತು. ಏನನ್ನು ಕಲಿಯುತ್ತಾರೆ ಎಂಬುದೇ ನನ್ನ ಆತಂಕ. ಪ್ರದರ್ಶನಕ್ಕಾಗಿ ಜೀವವನ್ನು ಬಳಸಿ ಎಸೆಯಬಹುದು ಎಂಬುದನ್ನು ಅವರು ಕಲಿಯುತ್ತಾರೆ. ಗುರುಗಳು ತಂದದ್ದು ಸತ್ತರೆ ಕಾರಣ ಕೇಳಬಾರದು ಎಂಬುದನ್ನೂ ಕಲಿಯುತ್ತಾರೆ. ಮೀನಿಲ್ಲದ ಬಕೆಟ್‌ನಲ್ಲಿ ಅದೇ ರಸಾಯನಶಾಸ್ತ್ರ ಸಿಗುವಾಗ ಮೀನನ್ನು ಪರೀಕ್ಷಾ ಕಾಗದದಂತೆ ಬಳಸುವ ಅಗತ್ಯವಿಲ್ಲ.

ಇಂಟರ್ನ್‌ಶಿಪ್ ಮುಗಿದ ಮೇಲೆ ತೊಟ್ಟಿ ಯಾರದು ಎಂಬುದನ್ನೂ ಮೊದಲೇ ನಿರ್ಧರಿಸಬೇಕು. ಮಾರ್ಗದರ್ಶಕ ಶಿಕ್ಷಕರಿಗೆ ನಕ್ಷೆ, ಆಹಾರದ ಅಳತೆ, ನೀರು ಬದಲಿಸುವ ವೇಳಾಪಟ್ಟಿ ಕೊಟ್ಟು ಬರಬೇಕು. ನೋಡಿಕೊಳ್ಳುವವರಿಲ್ಲವಾದರೆ ಮೀನನ್ನು ಸಾಕುವವರಿಗೆ ಕೊಡಬೇಕೇ ಹೊರತು ಕಾಳಿ ನದಿಗೋ ಊರ ಕೆರೆಗೋ ಬಿಡಬಾರದು. ಹೊರಗಿನ ಮೀನು ಅಲ್ಲಿಯ ಮೀನಿಗೆ ಪೈಪೋಟಿಯೂ ರೋಗವೂ ಆಗಬಹುದು. ಹಾಗೆಯೇ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹಳ್ಳಗಳಿಂದ ಮೀನು ಹಿಡಿದು ತರಿಸುವುದೂ ಬೇಡ.

ಅಂಕ ಕೊಡುವವರಿಗೆ

ಕೊನೆಯ ಮಾತು ನನ್ನ ಸಹೋದ್ಯೋಗಿಗಳಿಗೆ. ಭಾನುವಾರ ರಾತ್ರಿ ತೊಟ್ಟಿ ಕಟ್ಟುವ ಪ್ರಶಿಕ್ಷಣಾರ್ಥಿಯನ್ನು ದೂರುವ ಮೊದಲು ನಮ್ಮ ಅವಲೋಕನ ನಮೂನೆಯನ್ನು ತೆರೆದು ನೋಡೋಣ. ಬೋಧನೋಪಕರಣದ ಆಕರ್ಷಣೆಗೆ ಅಂಕವಿದೆ, ಸಮಯಕ್ಕೆ ಮುಗಿಸಿದ್ದಕ್ಕೆ ಅಂಕವಿದೆ. ಮಕ್ಕಳು ವಾರಗಟ್ಟಲೆ ದಾಖಲಿಸಿದ್ದಕ್ಕೆ, ನಿರೀಕ್ಷಿಸಿದಂತೆ ಬಾರದ ಫಲಿತಾಂಶವನ್ನು ಪ್ರಾಮಾಣಿಕವಾಗಿ ಚರ್ಚಿಸಿದ್ದಕ್ಕೆ ಅಂಕವೆಲ್ಲಿದೆ? ಒಂದು ಅವಧಿಯಲ್ಲಿ ನಾವು ನೋಡಿ ಹೋಗುವುದಕ್ಕಷ್ಟೇ ಅಂಕ ಕೊಟ್ಟರೆ, ಒಂದು ಅವಧಿ ಮಾತ್ರ ಬದುಕುವ ತೊಟ್ಟಿಯೇ ನಮಗೆ ಸಿಗುತ್ತದೆ.

ಅದಕ್ಕೆ ಎರಡು ಸಲಹೆಗಳು. ಜೀವಿಗಳನ್ನು ಬಳಸುವ ಪಾಠಗಳಿಗೆ ‘ನಿರಂತರ ದಾಖಲೆ’ ಎಂಬ ಅಂಶವನ್ನು ನಮೂನೆಗೆ ಸೇರಿಸೋಣ. ಮಕ್ಕಳ ನಕ್ಷೆಯನ್ನೇ ರೂಪಣಾತ್ಮಕ ಮೌಲ್ಯಮಾಪನಕ್ಕೂ ಪರಿಗಣಿಸಬಹುದು. ಎರಡನೆಯದಾಗಿ, ನಾಲ್ಕು ತಾಲೂಕುಗಳಲ್ಲಿ ತಲಾ ಒಂದು ಅಭ್ಯಾಸ ಶಾಲೆಯಾದರೂ ಈ ವರ್ಷ ನಾಲ್ಕು ಬಕೆಟ್ ಇಡಲಿ, ನೀರಿನ ಮೂಲ, ಬಾಟಲಿಯ ಕೊನೆಯ ದಿನಾಂಕ, ವಾರವಾರದ ಅಂಕಿಗಳನ್ನು ಒಂದೇ ಮಾದರಿಯ ಪಟ್ಟಿಯಲ್ಲಿ ಬರೆದು ಕಳಿಸಲಿ. ಈ ಪತ್ರಿಕೆಯಲ್ಲಿ ಅವನ್ನು ಒಟ್ಟಿಗೆ ಪ್ರಕಟಿಸೋಣ. ಬಾಟಲಿ ಗೆದ್ದ ಶಾಲೆಯ ಅಂಕಿಗಳ ಪಕ್ಕದಲ್ಲೇ ಸೋತ ಶಾಲೆಯ ಅಂಕಿಗಳೂ ಇರಲಿ. ಆಗ ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅಂಗಡಿಗೆ ಹೋಗುವ ಮೊದಲು ಓದಲು ನಮ್ಮದೇ ನೀರಿನ ಒಂದು ದಾಖಲೆ ಇರುತ್ತದೆ.